ಕಾರ್ ಸ್ಟೀರಿಯೋದ ಕಿತ್ತಳೆ ತಂತಿ

ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಪ್ರಖರ ಬೆಳಕು ಈ ಹೊಂದಾಣಿಕೆಯನ್ನು ಕ್ಷಣಗಳಲ್ಲಿ ಕೆಡಿಸುತ್ತದೆ. ಆದ್ದರಿಂದಲೇ ಕಾರಿನ ದೀಪ ಹೊತ್ತಿಸಿದಾಗ ಸ್ಟೀರಿಯೋದ ಪರದೆ ಮಂದವಾಗಬೇಕು. ಬೇರೆಯಾಗಿ ಕೊಂಡು ಕೂರಿಸಿದ ಸ್ಟೀರಿಯೋಗಳಲ್ಲಿ ಇದಕ್ಕೆಂದೇ ಇರುವ ತಂತಿಯನ್ನು ಎಷ್ಟೋ ಸಲ ಜೋಡಿಸಿರುವುದಿಲ್ಲ.

ಸಾಮಾನ್ಯವಾಗಿ ಹಳದಿ ತಂತಿಗೆ ಬ್ಯಾಟರಿಯ 12 ವೋಲ್ಟ್ ಸದಾ ಬರುತ್ತದೆ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ. ಕಪ್ಪು ತಂತಿ ಭೂಸಂಪರ್ಕಕ್ಕೆ. ಕಿತ್ತಳೆ ಬಣ್ಣದ್ದು (ಕೆಲವದರಲ್ಲಿ ಬಿಳಿ ಗೆರೆ ಇರುವುದು) ಪಾರ್ಕಿಂಗ್ ದೀಪದ ತಂತಿಗೆ ಸೇರಬೇಕು. ಇದು ಪರದೆಯನ್ನು ಬೆಳಗಿಸುವುದಿಲ್ಲ. 'ದೀಪ ಹೊತ್ತಿದೆ' ಎಂಬ ಸೂಚನೆಯನ್ನಷ್ಟೇ ಒಯ್ಯುತ್ತದೆ. ಬಣ್ಣಗಳು ಬದಲಾಗಬಹುದಾದ್ದರಿಂದ ಕೈಪಿಡಿ ನೋಡಿ.

ಕಾರಿನ ಕಡೆಯ ತಂತಿಯನ್ನು ಮಲ್ಟಿಮೀಟರಿನಿಂದ ಗುರುತಿಸಿ. ದೀಪ ಆರಿದಾಗ ಅದು ಸೊನ್ನೆ, ಹೊತ್ತಿದಾಗ ಸುಮಾರು 12 ವೋಲ್ಟ್ ತೋರಿಸಬೇಕು. ಈಗ ಡ್ಯಾಶ್‌ಬೋರ್ಡಿನ ಬೆಳಕು ತಗ್ಗಿಸುವ ಗುಂಡಿಯನ್ನು ತಿರುಗಿಸಿ. ವೋಲ್ಟೇಜ್ ಇಳಿದರೆ ಆ ತಂತಿ ಬೇಡ. ಏಕೆ? ಗುಂಡಿ ತಗ್ಗಿಸಿದಾಗ ಸೂಚನೆ ದುರ್ಬಲವಾಗಿ, ಸ್ಟೀರಿಯೋ ಅದನ್ನು ಹಗಲೆಂದೇ ಭಾವಿಸಬಹುದು. ಬೆಳಕು ಕಡಿಮೆ ಬೇಕೆಂದಾಗಲೇ ಪರದೆ ಪ್ರಖರವಾಗುತ್ತದೆ!

ಜೋಡಿಸುವ ಮುನ್ನ ಬ್ಯಾಟರಿಯ ಋಣ ಅಗ್ರವನ್ನು ಬಿಡಿಸಿ, ಜೋಡಣೆಗೆ ನಿರೋಧಕ ಪಟ್ಟಿ ಸುತ್ತಿ. ಬರಿಯ ತಂತಿ ಕಾರಿನ ಲೋಹಕ್ಕೆ ತಗುಲಿದರೆ ಪಾರ್ಕಿಂಗ್ ದೀಪದ ಫ್ಯೂಸ್ ಸುಡುತ್ತದೆ. ಅನೇಕ ಕಾರುಗಳಲ್ಲಿ ಹಿಂಬದಿಯ ಕೆಂಪು ದೀಪಗಳಿಗೂ ಅದೇ ಫ್ಯೂಸ್. ಚಾಲಕನಿಗೆ ಮುಂದಿನ ರಸ್ತೆ ಎಂದಿನಂತೆ ಕಾಣುತ್ತದೆ. ಹಿಂದಿನಿಂದ ಬರುವವರಿಗೆ ಅವನ ಕಾರು ಕಾಣುವುದಿಲ್ಲ. ಆದ್ದರಿಂದ ಕೆಲಸ ಮುಗಿದ ಮೇಲೆ ದೀಪ ಹೊತ್ತಿಸಿ, ಕೆಳಗಿಳಿದು ಕಾರಿನ ಹಿಂಭಾಗವನ್ನು ಒಮ್ಮೆ ನೋಡಿ.