ಇಂಟರ್ನೆಟ್ಟಿನಲ್ಲಿ ಇರೋದು ನಾನೇನಾ? ನಾಲ್ಕು ಅನಿಮೆ, ಒಂದು ಪ್ರಶ್ನೆ

ಅನಿಮೆ ಅಂದ ಕೂಡಲೇ ಹಾಸ್ಟೆಲ್‌ನಲ್ಲಿ ಕೇಳಿಬರೋ ಹೆಸರುಗಳು ನರುಟೊ, ಒನ್ ಪೀಸ್, ಅಟ್ಯಾಕ್ ಆನ್ ಟೈಟನ್. ಹೊಡೆದಾಟ, ಗೆಳೆತನ, ದಿನದಿಂದ ದಿನಕ್ಕೆ ಶಕ್ತಿ ಹೆಚ್ಚಿಸಿಕೊಳ್ಳುವ ಹೀರೋ. ಅವೂ ಚೆನ್ನಾಗಿವೆ, ಬೇಡ ಅನ್ನಲ್ಲ. ಆದರೆ ಜಪಾನಿನಲ್ಲಿ ಇನ್ನೊಂದು ಬಗೆಯ ಅನಿಮೆಗಳೂ ಬಂದಿವೆ. ಅವುಗಳಲ್ಲಿ ಜಗಳ ನಡೆಯೋದು ರಾಕ್ಷಸರ ಜೊತೆ ಅಲ್ಲ, "ನಾನು ಅಂದ್ರೆ ಯಾರು" ಅನ್ನೋ ಪ್ರಶ್ನೆಯ ಜೊತೆ. ಈ ಲೇಖನದಲ್ಲಿ ಅಂಥ ನಾಲ್ಕನ್ನು ನೋಡೋಣ. ಎಲ್ಲವೂ 1995ರಿಂದ 2009ರ ನಡುವೆ ಬಂದವು. ಕೊನೆಗೆ ಏನಾಗುತ್ತೆ ಅಂತ ಹೇಳಲ್ಲ, ಧೈರ್ಯವಾಗಿ ಓದಿ.

ಇವನ್ನು ಹೊಗಳುವಾಗ ಸಾಮಾನ್ಯವಾಗಿ "ಭವಿಷ್ಯವನ್ನು ಮೊದಲೇ ಹೇಳಿಬಿಟ್ಟಿದ್ದರು" ಅಂತಾರೆ. ನನಗೆ ಮುಖ್ಯ ಅನಿಸಿದ್ದು ಬೇರೆ. "ನಾನು" ಅನ್ನೋದು ನನ್ನ ತಲೆಯೊಳಗೆ ಮಾತ್ರ ಇರಲ್ಲ. ಅದರ ದೊಡ್ಡ ಪಾಲು ಬೇರೆಯವರ ನೆನಪಿನಲ್ಲಿ, ಬೇರೆಯವರ ಮಾತಿನಲ್ಲಿ ಇರುತ್ತೆ. ಇಂಟರ್ನೆಟ್ ಬಂದ ಮೇಲೆ ಆ ಪಾಲು ಯಾರ ಕೈಯಲ್ಲಿದೆ? ಈ ನಾಲ್ಕೂ ಅನಿಮೆಗಳು ಒಂದೊಂದು ದಿಕ್ಕಿನಿಂದ ಕೇಳೋದು ಇದನ್ನೇ.

ಸೀರಿಯಲ್ ಎಕ್ಸ್‌ಪೆರಿಮೆಂಟ್ಸ್ ಲೇನ್ (1998)

ರ್ಯೂತಾರೊ ನಕಾಮುರ ನಿರ್ದೇಶಿಸಿ, ಚಿಯಾಕಿ ಕೊನಾಕಾ ಬರೆದ 13 ಕಂತುಗಳ ಟಿವಿ ಸರಣಿ ಇದು. ಕಂತುಗಳಿಗೆ ಇಲ್ಲಿ "ಲೇಯರ್" ಅಂತ ಹೆಸರು. ಕಂಪ್ಯೂಟರ್ ನೆಟ್‌ವರ್ಕ್ಸ್ ಪೇಪರ್‌ಗೆ ಓಎಸ್‌ಐ ಮಾಡೆಲ್‌ನ ಏಳು ಲೇಯರ್ ಬಾಯಿಪಾಠ ಮಾಡಿದವರಿಗೆ ನಗು ಬರಬಹುದು, ಆದರೆ ತಮಾಷೆಗೆ ಇಟ್ಟ ಹೆಸರಲ್ಲ. ಕಥೆಯಲ್ಲಿ "ವೈರ್ಡ್" ಅನ್ನೋ ಜಾಲ ಇದೆ. ಅದರ ಪ್ರೋಟೋಕಾಲ್‌ನ ಏಳನೇ ಆವೃತ್ತಿಯೊಳಗೆ ಒಬ್ಬ ವ್ಯಕ್ತಿ ತನ್ನ ಕೆಲಸವನ್ನು ಗುಟ್ಟಾಗಿ ಸೇರಿಸಿರುತ್ತಾನೆ. ನಿಜ ಜೀವನದಲ್ಲಿ ಐಪಿ ಆರನೇ ಆವೃತ್ತಿಯ ಮೊದಲ ವಿವರಣೆ ಹೊರಬಂದದ್ದು 1995ರಲ್ಲಿ. ಅಂದರೆ ಬರೆದವರು "ಇದರ ಮುಂದಿನದು ಬಂದರೆ?" ಅಂತ ಯೋಚಿಸಿದ್ದರು.

ಕಥೆ ಶುರುವಾಗೋದು ಹೀಗೆ: ಶಾಲೆಯ ಒಬ್ಬ ಹುಡುಗಿ ಪ್ರಾಣ ಕಳೆದುಕೊಂಡಿದ್ದಾಳೆ. ಆಮೇಲೆ ಅವಳ ಹೆಸರಿನಿಂದ ಸಹಪಾಠಿಗಳಿಗೆ ಇಮೇಲ್ ಬರುತ್ತೆ. ನಾನು ದೇಹ ಬಿಟ್ಟಿದ್ದೇನೆ ಅಷ್ಟೇ, ಈ ಕಡೆ ಇದ್ದೇನೆ ಅನ್ನೋದು ಅದರ ಸಾರ. ಲೇನ್ ಯಾರ ಜೊತೆಯೂ ಹೆಚ್ಚು ಮಾತಾಡದ, ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೇ ಅನ್ನೋ ಹುಡುಗಿ. ಆ ಇಮೇಲ್ ನೋಡಿದ ಮೇಲೆ ಅಪ್ಪನ ಹತ್ತಿರ ಹೊಸ ಕಂಪ್ಯೂಟರ್ ಕೇಳುತ್ತಾಳೆ. ನಿಧಾನಕ್ಕೆ ಗೊತ್ತಾಗುತ್ತೆ: ವೈರ್ಡ್‌ನಲ್ಲಿ ಆಗಲೇ ಒಬ್ಬಳು ಲೇನ್ ಇದ್ದಾಳೆ. ಇವಳಷ್ಟು ಪುಕ್ಕಲಿಯಲ್ಲ, ಜೋರು ಹುಡುಗಿ. ಮುಂದೆ ಲೇನ್‌ಳ ಒಬ್ಬಳೇ ಆಪ್ತ ಗೆಳತಿಯ ಗುಟ್ಟೊಂದು ಜಾಲದಲ್ಲಿ ಹರಡುತ್ತೆ. ಹರಡಿದವಳು ಲೇನ್ ಅಂತ ಎಲ್ಲರೂ ನಂಬುತ್ತಾರೆ. "ನಾನಲ್ಲ" ಅಂತ ಯಾರಿಗೆ ಹೇಳೋದು?

ಕಾಲೇಜುಗಳ ಕನ್ಫೆಷನ್ ಪೇಜ್ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹೆಸರಿಲ್ಲದ ಒಂದು ಪೋಸ್ಟ್ ಸಾಕು, ಮರುದಿನ ಕ್ಯಾಂಟೀನಿನಲ್ಲಿ ಆ ಹುಡುಗಿ ಬೇರೆಯೇ ಮನುಷ್ಯಳಾಗಿರುತ್ತಾಳೆ. ಅವಳು ಬದಲಾಗಿಲ್ಲ, ಬೇರೆಯವರ ತಲೆಯಲ್ಲಿ ಇರುವ ಅವಳು ಬದಲಾಗಿದ್ದಾಳೆ. ಮನುಷ್ಯ ಇರೋದೇ ಬೇರೆಯವರ ನೆನಪಿನಲ್ಲಿ ಅನ್ನೋ ಮಾತನ್ನು ಈ ಸರಣಿ ಮತ್ತೆ ಮತ್ತೆ ಎತ್ತುತ್ತೆ.

ಪರ್ಫೆಕ್ಟ್ ಬ್ಲೂ (1997)

ಸತೋಶಿ ಕೊನ್ ನಿರ್ದೇಶಿಸಿದ ಮೊದಲ ಸಿನಿಮಾ. ಮೀಮಾ ಅನ್ನೋ ಹುಡುಗಿ ಹಾಡುವ ತಂಡ ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅವಳ ಹೆಸರಿನಲ್ಲಿ ಒಂದು ವೆಬ್‌ಸೈಟ್ ಇರುತ್ತೆ, "ಮೀಮಾಳ ಕೋಣೆ" ಅಂತ. ಅದರಲ್ಲಿ ದಿನಚರಿ. ರೈಲಿನಿಂದ ಇಳಿಯುವಾಗ ಮೊದಲು ಯಾವ ಕಾಲು ಇಟ್ಟಳು ಅನ್ನೋದೂ ಅಲ್ಲಿದೆ. ಬರೆದದ್ದು ಅವಳಲ್ಲ. ಅವಳಿಗೆ ಇಂಟರ್ನೆಟ್ ಬಳಸೋದೇ ಗೊತ್ತಿಲ್ಲ, ಕಂಪ್ಯೂಟರ್ ತಂದು ಕಲಿತು ಆಮೇಲೆ ಓದುತ್ತಾಳೆ. ಮೊದಮೊದಲು ನಗು, ಆಮೇಲೆ ಭಯ. ಕೊನೆಕೊನೆಗೆ ಆ ಪುಟದಲ್ಲಿರುವ ಮೀಮಾಳೇ ನಿಜ, ನಾನೇ ನಕಲು ಇರಬಹುದೇನೋ ಅನ್ನಿಸತೊಡಗುತ್ತೆ.

ಇದು ಕಥೆಯಾಗಿ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ವಿಡಿಯೋ ದೇಶವೆಲ್ಲ ಓಡಾಡಿತು. ಬೇರೊಬ್ಬ ಮಹಿಳೆಯ ವಿಡಿಯೋಗೆ ಇವರ ಮುಖ ಅಂಟಿಸಲಾಗಿತ್ತು. ಒಂದೇ ವಿಡಿಯೋದಲ್ಲಿ ಒಬ್ಬರ ಮುಖವನ್ನೂ ಇನ್ನೊಬ್ಬರ ದೇಹವನ್ನೂ ಕದ್ದಂತಾಯಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು 24 ವರ್ಷದ ಯುವಕನೊಬ್ಬನನ್ನು ಬಂಧಿಸಿದರು. ಪೊಲೀಸರು ಹೇಳಿದ ಪ್ರಕಾರ ಆತ ರಶ್ಮಿಕಾ ಅವರ ಅಭಿಮಾನಿ ಪುಟ ನಡೆಸುತ್ತಿದ್ದ, ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ. ಓದಿದ್ದು ಬಿ.ಟೆಕ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ರಶ್ಮಿಕಾ ಕನ್ನಡದಲ್ಲಿ ಹೆಸರು ಮಾಡಿದ್ದು "ಕಿರಿಕ್ ಪಾರ್ಟಿ"ಯಿಂದ, 2016ರ ಕೊನೆಗೆ ಬಂದ ಇಂಜಿನಿಯರಿಂಗ್ ಕಾಲೇಜಿನ ಕಥೆ. ಡೀಪ್‌ಫೇಕ್ ಪ್ರಕರಣದಲ್ಲಿ ಸಿಕ್ಕಿಬಿದ್ದವನೂ ನಮ್ಮ ಹಾಗೇ ಲ್ಯಾಬ್, ರೆಕಾರ್ಡು, ವೈವಾ ದಾಟಿ ಬಂದವನು. ಮುಖ ಬದಲಿಸುವ ಕೋಡ್ ಓಡಿಸೋದು ಈಗ ಮಿನಿ ಪ್ರಾಜೆಕ್ಟ್‌ನಷ್ಟು ಸುಲಭ. ಬೇರೆಯವರ ಗುರುತು ಬಳಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಸೆಕ್ಷನ್‌ಗಳಡಿ ಮೂರು ವರ್ಷದವರೆಗೆ ಜೈಲು ಇದೆ. "ಫನ್‌ಗೆ ಮಾಡಿದ್ದು ಮಚಾ" ಅನ್ನೋ ಮೊದಲು ಮೀಮಾಳ ಮುಖವನ್ನು ಒಮ್ಮೆ ನೆನಪಿಸಿಕೊಳ್ಳಿ.

ಘೋಸ್ಟ್ ಇನ್ ದಿ ಶೆಲ್ (1995)

ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಅದೇ ವರ್ಷದ ನವೆಂಬರ್‌ನಲ್ಲಿ ಮಮೊರು ಒಶಿಯ ಈ ಸಿನಿಮಾ ಜಪಾನಿನಲ್ಲಿ ಬಿಡುಗಡೆಯಾಯಿತು. ಮುಂದೆ "ಮ್ಯಾಟ್ರಿಕ್ಸ್" ಮಾಡಿದವರಿಗೆ ದಾರಿ ತೋರಿಸಿದ್ದು ಇದೇ. ನಾಯಕಿ ಮೋಟೊಕೊ ಕುಸನಾಗಿಯ ದೇಹ ಪೂರ್ತಿ ಯಂತ್ರ. ಮಿದುಳಿನ ಒಂದಿಷ್ಟು ಭಾಗ ಮಾತ್ರ ಅವಳದು, ಅದೂ ಜಾಲಕ್ಕೆ ಜೋಡಿಸಿದ್ದು. ಹಾಗಾದರೆ ಅವಳಲ್ಲಿ "ಅವಳು" ಎಷ್ಟು?

ಒಂದು ಸಣ್ಣ ದೃಶ್ಯ ಬಹಳ ಕಾಡುತ್ತೆ. ಕಸದ ಗಾಡಿಯ ಕೆಲಸಗಾರನೊಬ್ಬ ಹೆಂಡತಿ, ಮಗಳ ಬಗ್ಗೆ ಮಾತಾಡುತ್ತಿರುತ್ತಾನೆ, ಮಗಳ ಫೋಟೋ ತೋರಿಸುತ್ತಾನೆ. ಪೊಲೀಸರು ಹಿಡಿದ ಮೇಲೆ ಗೊತ್ತಾಗುತ್ತೆ, ಅವನಿಗೆ ಮದುವೆಯೇ ಆಗಿಲ್ಲ. ಆ ಫೋಟೋದಲ್ಲಿ ಮಗಳೇ ಇಲ್ಲ. ಯಾರೋ ಅವನ ಮಿದುಳನ್ನು ಹ್ಯಾಕ್ ಮಾಡಿ ಸುಳ್ಳು ನೆನಪು ತುಂಬಿದ್ದಾರೆ. ಲೇನ್‌ನಲ್ಲಿ ಬೇರೆಯವರ ನೆನಪು ಕೈಕೊಡುತ್ತೆ, ಇಲ್ಲಿ ಸ್ವಂತ ನೆನಪನ್ನೇ ನಂಬೋ ಹಾಗಿಲ್ಲ.

ಈ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಗಿರೀಶ ಕಾರ್ನಾಡರ "ಹಯವದನ" (1971) ನಾಟಕದಲ್ಲಿ ದೇವದತ್ತ, ಕಪಿಲ ಇಬ್ಬರ ತಲೆಗಳು ಅದಲುಬದಲಾಗುತ್ತವೆ. ಪದ್ಮಿನಿಯ ಗಂಡ ಯಾರು, ತಲೆ ಇರುವವನೋ ದೇಹ ಇರುವವನೋ? ತಲೆಯೇ ಮುಖ್ಯ ಅಂತ ತೀರ್ಮಾನವಾಗುತ್ತೆ. ಆದರೆ ದೇಹಕ್ಕೂ ಅದರದೇ ನೆನಪಿದೆ, ತಲೆಗೆ ಗೊತ್ತಿಲ್ಲದ ಸ್ಪರ್ಶಗಳು ಅದಕ್ಕೆ ಗೊತ್ತು ಅನ್ನೋದು ಕಪಿಲನನ್ನು ಹಿಂಸಿಸುತ್ತೆ. ಮೋಟೊಕೊಳ ಕಥೆ ನೋಡಿದ ಮೇಲೆ ಈ ನಾಟಕ ಓದಿ, ಅಥವಾ ಓದಿದ ಮೇಲೆ ನೋಡಿ. ಎರಡೂ ಇನ್ನಷ್ಟು ಅರ್ಥವಾಗುತ್ತವೆ.

ಸಮ್ಮರ್ ವಾರ್ಸ್ (2009)

ಮಮೊರು ಹೊಸೊಡಾ ನಿರ್ದೇಶನ. ಇದರಲ್ಲಿ ಕತ್ತಲೆ ಕಡಿಮೆ, ನಗು ಜಾಸ್ತಿ. "ಓಜ಼್" ಅನ್ನೋ ಆನ್‌ಲೈನ್ ಲೋಕದಲ್ಲಿ ಜನ ಮಾತಾಡುತ್ತಾರೆ, ಆಟ ಆಡುತ್ತಾರೆ, ಆಫೀಸು, ಆಸ್ಪತ್ರೆ, ಟ್ರಾಫಿಕ್ ಎಲ್ಲವೂ ಅದರ ಮೇಲೇ ನಡೆಯುತ್ತೆ. ಗಣಿತದಲ್ಲಿ ಚುರುಕಾದ ಕೆಂಜಿ ಒಂದು ರಾತ್ರಿ ಫೋನಿಗೆ ಬಂದ ಲೆಕ್ಕ ಬಿಡಿಸುತ್ತಾನೆ. ಬೆಳಗಾದರೆ ಟಿವಿಯಲ್ಲಿ ಅವನೇ ಆರೋಪಿ. ಒಂದು ಕೃತಕ ಬುದ್ಧಿಮತ್ತೆ ಅವನ ಅಕೌಂಟ್ ಕದ್ದು ಒಳಗೆ ನುಗ್ಗಿದೆ, ಒಂದೊಂದಾಗಿ ಬೇರೆ ಅಕೌಂಟುಗಳನ್ನೂ ನುಂಗುತ್ತಿದೆ. ಅಕೌಂಟ್ ಹೋದರೆ ಅದರ ಜೊತೆ ಆ ಮನುಷ್ಯನ ಅಧಿಕಾರವೂ ಹೋಗುತ್ತೆ. ಯುಪಿಐ, ಡಿಜಿಲಾಕರ್ ಎಲ್ಲವೂ ಒಂದೇ ಮೊಬೈಲ್ ನಂಬರಿಗೆ ಕಟ್ಟಿಕೊಂಡಿರುವ ನಮಗೆ ಇದು ಅರ್ಥವಾಗದೇ ಇರುತ್ತಾ?

ಎಲ್ಲ ವ್ಯವಸ್ಥೆ ಕುಸಿದಾಗ ಮನೆಯ 89 ವರ್ಷದ ಅಜ್ಜಿ ಡಯಲ್ ತಿರುಗಿಸುವ ಹಳೇ ಫೋನ್ ಎತ್ತಿಕೊಳ್ಳುತ್ತಾಳೆ. ಗೊತ್ತಿರುವ ಒಬ್ಬೊಬ್ಬರಿಗೂ ಫೋನ್ ಮಾಡಿ ಧೈರ್ಯ ಹೇಳುತ್ತಾಳೆ. ಅವಳಿಗೆ ಪಾಸ್‌ವರ್ಡ್ ಬೇಕಿಲ್ಲ, ಧ್ವನಿ ಕೇಳಿದರೆ ಸಾಕು, ಯಾರು ಅಂತ ಎಲ್ಲರಿಗೂ ಗೊತ್ತು.

ಇಂಥ ಅಜ್ಜಿಯರು ನಮ್ಮ ಕಡೆಯೂ ಇದ್ದಾರೆ. ವಿಜಯನಗರ ಜಿಲ್ಲೆಯ ಹಡಗಲಿ ತಾಲ್ಲೂಕಿನ ಇಟ್ಟಿಗಿಯಂಥ ಊರಿಗೆ ಹೋದರೆ ನಿಮ್ಮ ಯೂಸರ್‌ನೇಮ್ ಯಾರಿಗೂ ಬೇಡ. ಕಟ್ಟೆ ಮೇಲೆ ಕೂತವರು ಕೇಳೋದು ಒಂದೇ: "ಯಾರ ಪೈಕಿ ನೀನು?" ಅಜ್ಜನ ಹೆಸರು ಹೇಳಿದರೆ ಸಾಕು, ನಿಮ್ಮ ಪೂರ್ತಿ ಪ್ರೊಫೈಲ್ ಅವರ ತಲೆಯಲ್ಲಿ ತೆರೆದುಕೊಳ್ಳುತ್ತೆ. ಅದನ್ನು ಹ್ಯಾಕ್ ಮಾಡೋದು ಕಷ್ಟ.

ಆದರೆ ಇದನ್ನು ಬರೀ ಸಿಹಿಯಾಗಿ ನೋಡಬಾರದು. "ಯಾರ ಪೈಕಿ" ಅನ್ನೋದರಲ್ಲಿ ಎಷ್ಟೋ ಸಲ ಜಾತಿಯ ಪ್ರಶ್ನೆಯೂ ಇರುತ್ತೆ. ಊರು ಕೊಟ್ಟ ಗುರುತನ್ನು ಬದಲಿಸೋಕೆ ಆಗದೆ ಉಸಿರು ಕಟ್ಟಿದವರಿದ್ದಾರೆ. ಅಂಥವರಿಗೆ ಗಿಟ್‌ಹಬ್ ಆಗಲಿ, ಒಂದು ಡಿಸ್ಕಾರ್ಡ್ ಗುಂಪಾಗಲಿ ನಿಜವಾದ ಬಿಡುಗಡೆ. ಅಲ್ಲಿ ಕೇಳೋದು ನಿನ್ನ ಕೋಡ್ ಓಡುತ್ತಾ ಅಂತ, ನಿನ್ನ ಮನೆತನ ಯಾವುದು ಅಂತ ಅಲ್ಲ. ಪುಕ್ಕಲಿ ಲೇನ್ ವೈರ್ಡ್‌ನಲ್ಲಿ ಧೈರ್ಯವಂತೆಯಾಗೋದೂ ಹೀಗೇ. ಅದಕ್ಕೇ "ನೆಟ್ ಕೆಟ್ಟದ್ದು, ಊರು ಒಳ್ಳೇದು" ಅಂತ ಯಾರಾದರೂ ಭಾಷಣ ಮಾಡಿದರೆ ಪೂರ್ತಿ ಒಪ್ಪಬೇಡಿ. ಎರಡು ಕಡೆಯೂ ನಮ್ಮ ಒಂದು ಪಾಲು ಬೇರೆಯವರ ಕೈಯಲ್ಲಿದೆ. ಊರಲ್ಲಿ ಅದು ಯಾರ ಕೈಯಲ್ಲಿದೆ ಅಂತ ಕಾಣುತ್ತೆ, ನೆಟ್‌ನಲ್ಲಿ ಕಾಣಲ್ಲ. ಇಷ್ಟೇ ವ್ಯತ್ಯಾಸ, ಆದರೆ ಸಣ್ಣದಲ್ಲ. ನಾಳೆ ಲಾಗಿನ್, ಫೇಸ್ ರೆಕಗ್ನಿಷನ್, ಡೇಟಾಬೇಸ್ ಕಟ್ಟೋರು ನಾವೇ ಆದ್ದರಿಂದ ಬೇರೆಯವರ ಆ ಪಾಲು ನಮ್ಮ ಕೈಗೆ ಬರುತ್ತೆ ಅನ್ನೋದೂ ನೆನಪಿರಲಿ.

ಯಾವುದರಿಂದ ಶುರು ಮಾಡೋದು?

ಮೊದಲ ಸಲ ನೋಡೋರು ಸಮ್ಮರ್ ವಾರ್ಸ್‌ನಿಂದ ಶುರು ಮಾಡಿ, ಮನೆಯವರ ಜೊತೆ ಕೂತು ನೋಡಬಹುದು. ಆಮೇಲೆ ಘೋಸ್ಟ್ ಇನ್ ದಿ ಶೆಲ್, ಒಂದೂವರೆ ಗಂಟೆಗಿಂತ ಕಡಿಮೆ. ಪರ್ಫೆಕ್ಟ್ ಬ್ಲೂ ದೊಡ್ಡವರಿಗೆ ಮಾತ್ರ, ಹಿಂಸೆಯ ದೃಶ್ಯಗಳು ತೀವ್ರವಾಗಿವೆ. ಲೇನ್ ಶುರುವಾಗೋದೇ ಆತ್ಮಹತ್ಯೆಯಿಂದ, ಮನಸ್ಸು ಸರಿಯಿಲ್ಲದ ದಿನ ಬೇಡ. ನೋಡುವಾಗ ಒಂದೇ ರಾತ್ರಿ 13 ಕಂತು ಮುಗಿಸೋಕೆ ಹೋಗಬೇಡಿ. ದಿನಕ್ಕೆ ಎರಡು ಸಾಕು, ಅರ್ಥವಾಗದ್ದನ್ನು ರೂಮ್‌ಮೇಟ್ ಜೊತೆ ಮಾತಾಡಿ. ಇಂಟರ್ನಲ್ಸ್ ಮುಗಿಯಲಿ, ಆಮೇಲೆ.