ಕಟ್ಟು ಬಿಚ್ಚಿದ ಮೇಲೆ ಮಗುವಿನ ಕಾಲು



ಸುಗ್ಗಿಯ ಕಾಲದಲ್ಲಿ ಕಣದ ಸುತ್ತ ಆಡುವ ಮಕ್ಕಳು ಗಾಡಿಯಿಂದಲೋ ಟ್ರ್ಯಾಕ್ಟರಿನ ಟ್ರೇಲರಿನಿಂದಲೋ ಬಿದ್ದು ಕಾಲು ಮುರಿದುಕೊಳ್ಳುವುದುಂಟು. ಮೂಳೆ ಸ್ಥಳ ಬಿಟ್ಟು ಸರಿದಿದ್ದರೆ ವೈದ್ಯರು ಶಸ್ತ್ರಕ್ರಿಯೆ ಮಾಡಿ, ಅದನ್ನು ಕೂಡಿಸಿ, ಮೇಲೆ ಪ್ಲಾಸ್ಟರ್ ಕಟ್ಟು ಹಾಕುತ್ತಾರೆ. ಅಪಘಾತವಾದ ದಿನ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡುತ್ತಾರೆ; ಸಾಲ ಮಾಡಿಯಾದರೂ ಚಿಕಿತ್ಸೆ ಕೊಡಿಸುತ್ತಾರೆ. ಆದರೆ ಕೆಲವು ವಾರಗಳ ಮೇಲೆ ಕಟ್ಟು ಬಿಚ್ಚಿದ ಕೂಡಲೆ "ಇನ್ನೇನು, ವಾಸಿಯಾಯಿತು" ಎಂದು ಎಲ್ಲರೂ ಹೊಲದ ಕೆಲಸಕ್ಕೆ ಮರಳುತ್ತಾರೆ. ತಪ್ಪಾಗುವುದು ಇಲ್ಲಿಯೇ. ಕಟ್ಟು ಮೂಳೆ ಕೂಡುವುದಕ್ಕೆ ನೆರವಾಗುತ್ತದೆ. ನಡೆಯುವ ಕಾಲನ್ನು ಮರಳಿ ಕೊಡುವುದು ಅನಂತರದ ವಾರಗಳ ಆರೈಕೆ.

ಐದು ವರ್ಷದ ಒಬ್ಬ ಹುಡುಗನಿಗೆ ಮೊಣಕಾಲಿನ ಕೆಳಗಿನ ಮೂಳೆ ಮುರಿದು ಶಸ್ತ್ರಕ್ರಿಯೆಯಾಗಿದೆ, ತೊಡೆಯಿಂದ ಪಾದದವರೆಗೆ ಸುಮಾರು ಆರು ವಾರ ಕಟ್ಟು ಇತ್ತು ಎಂದು ಇಟ್ಟುಕೊಳ್ಳೋಣ. ಅವನ ತಂದೆತಾಯಿಗಳು ಏನು ಮಾಡಬೇಕು, ಏನು ಮಾಡಕೂಡದು ಎಂಬುದನ್ನು ಇಲ್ಲಿ ತಿಳಿಸಿದೆ.

ಕಟ್ಟು ಬಿಚ್ಚುವ ದಿನ

ಕಟ್ಟನ್ನು ಮನೆಯಲ್ಲಿ ನೀರಿನಲ್ಲಿ ನೆನೆಸಿ, ಕುಡುಗೋಲಿನಿಂದಲೋ ಚಾಕುವಿನಿಂದಲೋ ಬಿಚ್ಚಕೂಡದು. ಮೂಳೆ ಕೂಡಿದೆಯೇ ಎಂಬುದು ಎಕ್ಸ್‌ರೇ ನೋಡಿದ ವೈದ್ಯರಿಗೆ ಮಾತ್ರ ತಿಳಿಯುತ್ತದೆ.

ಆಸ್ಪತ್ರೆಯಲ್ಲಿ ಕಟ್ಟನ್ನು ಒಂದು ಚಿಕ್ಕ ವಿದ್ಯುತ್ ಗರಗಸದಿಂದ ಕೊಯ್ಯುತ್ತಾರೆ. ಅದರ ಸದ್ದಿಗೆ ಮಕ್ಕಳು ಬಹಳ ಹೆದರುತ್ತಾರೆ. ಈ ಗರಗಸದ ಅಲಗು ಮರದ ಮಿಲ್ಲಿನ ಗರಗಸದಂತೆ ಸುತ್ತುವುದಿಲ್ಲ. ಇದ್ದಲ್ಲಿಯೇ ಅತ್ತಿತ್ತ ಅದುರುತ್ತದೆ. ಗಟ್ಟಿಯಾದ ಪ್ಲಾಸ್ಟರನ್ನು ಅದು ಕೊಯ್ಯುತ್ತದೆ. ಮೆತ್ತಗಿನ ಚರ್ಮವಾದರೋ ಅಲಗಿನೊಡನೆ ತಾನೂ ಅದುರುವುದರಿಂದ ಸಾಮಾನ್ಯವಾಗಿ ಕೊಯ್ದುಹೋಗುವುದಿಲ್ಲ. ನಡುವೆ ಹತ್ತಿಯ ಪದರವೂ ಇರುತ್ತದೆ. ಆದರೆ ಅಲಗು ಬಿಸಿಯಾಗುವುದುಂಟು. ಆದುದರಿಂದ "ಬಿಸಿಯಾದರೆ ಹೇಳು, ನಿಲ್ಲಿಸುತ್ತಾರೆ" ಎಂದು ಮಗುವಿಗೆ ಮೊದಲೇ ಹೇಳಿಕೊಡಿ. ಮಗು ಹಾಗೆಂದರೆ ಸ್ವಲ್ಪ ತಡೆಯುವಂತೆ ಸಿಬ್ಬಂದಿಯನ್ನು ಕೇಳಿಕೊಳ್ಳಿ.

ಹಿಂದಿನ ದಿನವೇ ಒಂದು ಗೊಂಬೆಯ ಕಾಲಿಗೆ ಬಟ್ಟೆ ಸುತ್ತಿ, ಕತ್ತರಿಯಿಂದ ಬಿಚ್ಚಿ ತೋರಿಸಿ. "ಹಿಟ್ಟಿನ ಗಿರಣಿಯ ಹಾಗೆ ಸದ್ದು ಬರುತ್ತದೆ, ಕಾಲಿಗೆ ಕಚಗುಳಿ ಇಟ್ಟ ಹಾಗೆ ಆಗುತ್ತದೆ" ಎಂದು ನಿಜವನ್ನೇ ಹೇಳಿ. ಸದ್ದೇ ಇಲ್ಲವೆಂದು ಹೇಳಿ ಕರೆದೊಯ್ದರೆ ಮುಂದೆ ಮಗು ನಿಮ್ಮ ಮಾತನ್ನು ನಂಬುವುದಿಲ್ಲ. "ಅತ್ತರೆ ಡಾಕ್ಟರು ಸೂಜಿ ಚುಚ್ಚುತ್ತಾರೆ" ಎಂದು ಎಂದೂ ಹೆದರಿಸಬೇಡಿ. ಸಾಧ್ಯವಾದರೆ ತಾಯಿಯ ತೊಡೆಯ ಮೇಲೆ ಕೂರಿಸಿಕೊಂಡು ಕಿವಿ ಮುಚ್ಚಿಹಿಡಿಯಿರಿ.

ಕಾಲು ನೋಡಿ ಗಾಬರಿಯಾಗಬೇಡಿ

ಕಟ್ಟಿನೊಳಗಿಂದ ಹೊರಬಂದ ಕಾಲು ಇನ್ನೊಂದಕ್ಕಿಂತ ಸಣಕಲಾಗಿರುತ್ತದೆ. ಚರ್ಮ ಒಣಗಿ ಹೊಟ್ಟಿನಂತೆ ಉದುರುತ್ತದೆ, ವಾಸನೆ ಬರುತ್ತದೆ, ಕೂದಲು ಹೆಚ್ಚಿದಂತೆ ಕಾಣುತ್ತದೆ. ಮೊಣಕಾಲೂ ಪಾದದ ಕೀಲೂ ಬಿಗಿದಿರುತ್ತವೆ. ಕೆಲಸವಿಲ್ಲದ ಮಾಂಸಖಂಡ ಸೊರಗುತ್ತದೆ, ಆಡಿಸದ ಕೀಲು ಬಿಗಿಯುತ್ತದೆ, ಇದು ರೋಗವಲ್ಲ. ಗಾಯ ಪೂರ್ತಿ ಮಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಮೆತ್ತಗೆ ಒರಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಒಣ ಚರ್ಮವನ್ನು ಕೆರೆದು ತೆಗೆಯಬೇಡಿ. ಸಂಜೆ ಪಾದ ಊದಿಕೊಂಡರೆ ದಿಂಬಿನ ಮೇಲೆ ಎತ್ತಿಡಿ.

ಆಸ್ಪತ್ರೆ ಬಿಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ ಬರೆಸಿಕೊಳ್ಳಿ: ಕಾಲಿನ ಮೇಲೆ ಭಾರ ಹಾಕಬಹುದೇ, ಎಷ್ಟು? ಯಾವ ವ್ಯಾಯಾಮವನ್ನು ದಿನಕ್ಕೆ ಎಷ್ಟು ಸಲ ಮಾಡಿಸಬೇಕು? ಮತ್ತೆ ಯಾವ ದಿನ ಬರಬೇಕು?

ಆಟವೇ ವ್ಯಾಯಾಮ

ಫಿಸಿಯೋಥೆರಪಿ ಎಂದರೆ ಮತ್ತೇನೂ ಅಲ್ಲ. ಸೊರಗಿದ ಮಾಂಸಖಂಡಕ್ಕೂ ಬಿಗಿದ ಕೀಲಿಗೂ ಕ್ರಮವಾಗಿ ಕೆಲಸ ಕೊಡುವುದು. ಚಿಕ್ಕ ಮಗುವಿಗೆ "ವ್ಯಾಯಾಮ ಮಾಡು" ಎಂದರೆ ಅಳುತ್ತದೆ. ಆಟವೆಂದರೆ ತಾನಾಗಿ ಬರುತ್ತದೆ. ವೈದ್ಯರ ಒಪ್ಪಿಗೆ ಪಡೆದು ಇವನ್ನು ಮಾಡಿಸಬಹುದು:

1. ಮಲಗಿಸಿ, ಬಸ್ಸಿನ ಬ್ರೇಕ್ ಒತ್ತಿದಂತೆ ಪಾದವನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎತ್ತಿಸುವುದು.
2. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ನೆಲಕ್ಕೆ ಅದುಮಿಸಿ ಐದು ಎಣಿಸುವುದು. ಇದರಿಂದ ತೊಡೆಯ ಬಲ ಮರಳುತ್ತದೆ.
3. ಹಿಮ್ಮಡಿಯ ಕೆಳಗೆ ಬಟ್ಟೆ ಹಾಕಿ, ನುಣ್ಣನೆಯ ನೆಲದ ಮೇಲೆ ಕಾಲನ್ನು ಹಿಂದಕ್ಕೆ ಮುಂದಕ್ಕೆ ಜಾರಿಸುವುದು.
4. ಜಗಲಿಯ ಅಂಚಿನಲ್ಲಿ ಕೂರಿಸಿ ಕಾಲು ತೂಗಿಸುವುದು; ಬಲೂನನ್ನು ಮೆಲ್ಲಗೆ ಒದೆಸುವುದು.
5. ಕಾಲ್ಬೆರಳುಗಳಿಂದ ನೆಲದ ಮೇಲಿನ ಕರವಸ್ತ್ರ ಎತ್ತಿಸುವುದು.
6. ಭಾರ ಹಾಕಲು ಅಪ್ಪಣೆ ಸಿಕ್ಕ ಮೇಲೆ ಮಂಚದ ಅಂಚು ಹಿಡಿದು ನಿಂತು ಆಡಿಸುವುದು, ಗೋಡೆ ಹಿಡಿದು ನಡೆಸುವುದು.

ಒಂದೊಂದನ್ನು ಹತ್ತು ಸಲ, ದಿನಕ್ಕೆ ಮೂರು ನಾಲ್ಕು ಬಾರಿ ಮಾಡಿಸಿದರೆ ಸಾಮಾನ್ಯವಾಗಿ ಸಾಕು. ವಾರಕ್ಕೊಮ್ಮೆ ಒಂದು ಗಂಟೆ ಮಾಡಿಸುವುದಕ್ಕಿಂತ ದಿನವೂ ಹತ್ತು ನಿಮಿಷ ಮಾಡಿಸುವುದು ಮೇಲು. ಸ್ವಲ್ಪ ಬಿಗಿ ಎಳೆದಂತಾದರೆ ಚಿಂತೆಯಿಲ್ಲ. ಮಗು ನೋವಿನಿಂದ ಚೀರಿದರೆ ನಿಲ್ಲಿಸಿ. ಮಾರನೆಯ ಬೆಳಿಗ್ಗೆಯೂ ನೋವು ಉಳಿದಿದ್ದರೆ ಆ ದಿನ ಕಡಿಮೆ ಮಾಡಿಸಿ. ತಂದೆತಾಯಿ ಹೊಲಕ್ಕೆ ಹೋಗುವ ಮನೆಯಲ್ಲಿ ಈ ಕೆಲಸವನ್ನು ಅಜ್ಜಿಗೋ ಅಕ್ಕನಿಗೋ ಹೇಳಿಕೊಟ್ಟು ಒಪ್ಪಿಸಬಹುದು.

ಮಗು ಮೊದಮೊದಲು ಕಾಲೂರಲು ಹೆದರುತ್ತದೆ, ಕೆಲವು ವಾರ ಕುಂಟುತ್ತದೆ. ಬೈಯಬೇಡಿ, "ಕುಂಟ" ಎಂದು ಹಾಸ್ಯ ಮಾಡಲು ಯಾರಿಗೂ ಬಿಡಬೇಡಿ. ನಿನ್ನೆಗಿಂತ ಎರಡು ಹೆಜ್ಜೆ ಹೆಚ್ಚು ಇಟ್ಟರೆ ಮೆಚ್ಚಿ ಮಾತಾಡಿ.

ಬಲವಂತ ಬೇಡ

ನಾಟಿ ಮಾಡಿದ ಪೈರನ್ನು ಹಿಡಿದೆಳೆದರೆ ಅದು ಬೇಗ ಬೆಳೆಯುವುದಿಲ್ಲ, ಬೇರು ಕಿತ್ತುಬರುತ್ತದೆ. ಕಾಲೂ ಹಾಗೆಯೇ. ಬಿಗಿದ ಕೀಲನ್ನು ದೊಡ್ಡವರು ಬಲವಾಗಿ ಮಡಿಸುವುದೂ, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸುವುದೂ ಅಪಾಯಕರ. ಮಾಂಸಖಂಡಕ್ಕೆ ಪೆಟ್ಟಾಗಿ ಅದರೊಳಗೇ ಮೂಳೆ ಬೆಳೆದು ಕೀಲು ಇನ್ನಷ್ಟು ಬಿಗಿಯುವುದುಂಟು. ವೈದ್ಯರು ಹೇಳುವ ತನಕ ಓಟ, ಜಿಗಿತ, ಸೈಕಲ್, ಬದುವಿನ ಮೇಲಿನ ನಡಿಗೆ, ದನಗಳ ನಡುವೆ ಓಡಾಟ ಬೇಡ. ಕುಕ್ಕರುಗಾಲಿನಲ್ಲಿ ಕೂರಲಾಗದ ಮಗುವಿಗೆ ಶೌಚಕ್ಕೆ ನಡುವೆ ತೂತಿರುವ ಕುರ್ಚಿಯನ್ನು ಒದಗಿಸಿ.

ಊಟದಲ್ಲಿ ರಾಗಿ, ಹಾಲು, ಬೇಳೆಕಾಳು, ಸೊಪ್ಪು ಇರಲಿ. ತಿನ್ನುವವರಾದರೆ ಮೊಟ್ಟೆಯೂ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಆಡಲು ಬಿಡಿ.

ಕೂಡಲೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಜ್ವರ ಬಂದರೆ, ಗಾಯ ಕೆಂಪಾಗಿ ಕೀವು ಸೋರಿದರೆ, ಕಾಲು ಊದಿ ನೋವು ಹೆಚ್ಚುತ್ತಲೇ ಹೋದರೆ, ಬೆರಳುಗಳು ಬಿಳಿಚಿ ತಣ್ಣಗಾದರೆ, ನಡೆಯುತ್ತಿದ್ದ ಮಗು ಇದ್ದಕ್ಕಿದ್ದಂತೆ ಕಾಲೂರದೆ ನಿಂತರೆ ತಡಮಾಡಬೇಡಿ. ಕುಂಟು ವಾರವಾರಕ್ಕೆ ಕಡಿಮೆಯಾಗದಿದ್ದರೂ ವೈದ್ಯರಿಗೆ ತೋರಿಸಿ.

ಮಗು ಚೆನ್ನಾಗಿ ನಡೆಯತೊಡಗಿದ ಮೇಲೂ ಹೇಳಿದ ದಿನ ತಪ್ಪದೆ ಹೋಗಬೇಕು. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೆದುವಾದ ಪದರವಿರುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ಕಾಲು ಗಿಡ್ಡವಾಗಿಯೋ ಡೊಂಕಾಗಿಯೋ ಬೆಳೆಯಬಹುದು. ಇದು ತಿಂಗಳುಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಮೊದಲೇ ಗೊತ್ತಾದರೆ ಸರಿಪಡಿಸುವುದು ಸುಲಭ. ಒಳಗೆ ತಂತಿಯನ್ನೋ ಸರಳನ್ನೋ ಹಾಕಿದ್ದರೆ ಅದನ್ನು ಯಾವಾಗ ತೆಗೆಯಬೇಕೆಂದೂ ಕೇಳಿಕೊಳ್ಳಿ.

ಖರ್ಚಿಗೆ ಹಿಂಜರಿಯಬೇಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಮಾಡಲಾಗಿದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ತಾಯಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ದಾರಿ ತೋಚದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಬೆಳೆಗೆ ಕಳೆ ತೆಗೆಯುವ ವಾರವನ್ನು ರೈತನು ತಪ್ಪಿಸುವುದಿಲ್ಲ. ಮಗುವಿನ ಕಾಲಿಗೂ ಅಂಥ ಕೆಲವು ವಾರಗಳಿವೆ. ದಿನಕ್ಕೆ ಹತ್ತು ಹತ್ತು ನಿಮಿಷದಂತೆ ಮೂರು ನಾಲ್ಕು ಹೊತ್ತು ಬಿಡುವು ಮಾಡಿಕೊಂಡರೆ, ಮುಂದಿನ ಸುಗ್ಗಿಗೆ ಆ ಮಗು ಕಣದ ಸುತ್ತ ತಾನಾಗಿ ಓಡಿಯಾಡೀತು. ಆಗ ಅದನ್ನು ಟ್ರೇಲರಿನ ಮೇಲೆ ಹತ್ತಲು ಮಾತ್ರ ಬಿಡಬೇಡಿ.