ಮಳೆಯಿಲ್ಲದ ದಿನದ ಸೊನ್ನೆ

ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ದಿನವಹಿ ಮಳೆ ಲೆಕ್ಕವನ್ನು ಎಕ್ಸೆಲ್ ಹಾಳೆಗೆ ಹಾಕಿದರೆ ಜನವರಿ, ಫೆಬ್ರವರಿಯ ಕಾಲಂಗಳಲ್ಲಿ ಬಹುಮಟ್ಟಿಗೆ ಸೊನ್ನೆಗಳೇ ತುಂಬಿರುತ್ತವೆ. ಹಿಂಗಾರು ಡಿಸೆಂಬರಿಗೆ ಮುಗಿದಿರುತ್ತದೆ. ಗುಡುಗು ಮಳೆಗೆ ಬೇಸಿಗೆ ಬರಬೇಕು. ಅಷ್ಟು ಸೊನ್ನೆಗಳ ನಡುವೆ ಒಂದು ದಿನ ಬಿದ್ದ ಹದ ಮಳೆಯ ಅಂಕಿ ಕಣ್ಣಿಗೇ ಬೀಳುವುದಿಲ್ಲ. ಸೊನ್ನೆ ಕಾಣದಂತೆ ಮಾಡಬೇಕು ಅನ್ನಿಸುವುದು ಇಂಥ ಹಾಳೆ ನೋಡಿದಾಗಲೇ.

ದಾರಿಗಳು ಹಲವು. ಎಕ್ಸೆಲ್‌ನ ಆಪ್ಷನ್ಸ್‌ನಲ್ಲಿ ಅಡ್ವಾನ್ಸ್‌ಡ್ ವಿಭಾಗಕ್ಕೆ ಹೋಗಿ, ಸೊನ್ನೆ ತೋರಿಸುವ ಆಯ್ಕೆಯ ಟಿಕ್ ತೆಗೆದರೆ ಆ ಹಾಳೆಯ ಎಲ್ಲ ಸೊನ್ನೆಗಳೂ ಮರೆಯಾಗುತ್ತವೆ. ಕೆಲವು ಸೆಲ್‌ಗಳಿಗೆ ಮಾತ್ರ ಬೇಕಾದರೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0.0;-0.0;;@ ಎಂದು ಬರೆಯಬೇಕು. ಅರ್ಧವಿರಾಮಗಳು ಇದನ್ನು ನಾಲ್ಕು ಭಾಗ ಮಾಡುತ್ತವೆ: ಧನಸಂಖ್ಯೆ, ಋಣಸಂಖ್ಯೆ, ಸೊನ್ನೆ, ಅಕ್ಷರ. ಮೂರನೆಯದನ್ನು ಖಾಲಿ ಬಿಟ್ಟಿದ್ದೇವೆ, ಅಷ್ಟೆ. ಹೀಗೆ ಮರೆಯಾದ ಸೊನ್ನೆ ಅಳಿದಿರುವುದಿಲ್ಲ. ಆ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಮೇಲಿನ ಫಾರ್ಮುಲಾ ಪಟ್ಟಿಯಲ್ಲಿ ಕಾಣುತ್ತದೆ, ಲೆಕ್ಕದಲ್ಲೂ ಭಾಗವಹಿಸುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಮಳೆ ಬಾರದ ದಿನವೂ ಖಾಲಿ, ಮಾಪಕ ಕೆಟ್ಟು ಅಳತೆಯೇ ಸಿಗದ ದಿನವೂ ಖಾಲಿ. ನೋಡುವವರಿಗೆ ಎರಡೂ ಒಂದೇ. ಎಕ್ಸೆಲ್‌ಗೆ ಹಾಗಲ್ಲ. ಒಂದು ವಾರದಲ್ಲಿ ಮೂರು ದಿನ 12, 8, 10 ಮಿ.ಮೀ. ಮಳೆಯಾಗಿ, ಮೂರು ದಿನ ಮಳೆಯಿಲ್ಲದೆ, ಒಂದು ದಿನ ಅಳತೆ ಸಿಗಲಿಲ್ಲ ಎನ್ನೋಣ. ಸರಾಸರಿಯ ಫಾರ್ಮುಲಾ ನಿಜವಾದ ಖಾಲಿ ಸೆಲ್ಲನ್ನು ಬಿಟ್ಟು 30ನ್ನು 6ರಿಂದ ಭಾಗಿಸಿ 5 ಮಿ.ಮೀ. ಕೊಡುತ್ತದೆ. ಆ ಖಾಲಿ ಜಾಗಕ್ಕೆ ಯಾರಾದರೂ ಸೊನ್ನೆ ತುಂಬಿದರೆ ಉತ್ತರ 4.3ಕ್ಕೆ ಇಳಿಯುತ್ತದೆ. ಸೊನ್ನೆ ಬಂದಾಗ ಖಾಲಿ ಪಠ್ಯ ಬರಲೆಂದು ‘ಇಫ್’ ಫಾರ್ಮುಲಾ ಹಾಕುವವರು ಇನ್ನೂ ಎಚ್ಚರವಾಗಿರಬೇಕು: ಆಗ ಸರಾಸರಿಯಿಂದ ಮಳೆಯಿಲ್ಲದ ದಿನಗಳೂ ಜಾರಿಹೋಗಿ 30ನ್ನು 3ರಿಂದ ಭಾಗಿಸಿದ 10 ಬರುತ್ತದೆ. ಮಳೆ ಇದ್ದುದಕ್ಕಿಂತ ದುಪ್ಪಟ್ಟು!

ಈ ಸೀಮೆಯಲ್ಲಿ ಸೊನ್ನೆಗೆ ಇನ್ನೊಂದು ತೂಕವೂ ಇದೆ. ನಂಜನಗೂಡಿನ ಕಪಿಲೆ, ಅಂದರೆ ಕಬಿನಿ ನದಿ, ತುಂಬುವುದು ಇಲ್ಲಿನ ಮಳೆಯಿಂದಲ್ಲ, ಮುಖ್ಯವಾಗಿ ಕೇರಳದ ವಯನಾಡಿನ ಮಳೆಯಿಂದ. 2019ರ ಆಗಸ್ಟ್‌ನಲ್ಲಿ ಆ ನೀರು ಕಬಿನಿ ಜಲಾಶಯ ದಾಟಿ ಬಂದು ಮೈಸೂರು–ನಂಜನಗೂಡು ರಸ್ತೆಯನ್ನೇ ಮುಳುಗಿಸಿತ್ತು. ಅದೇ ನೀರು ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಊರಿನ ಮಳೆ ಸೊನ್ನೆ ಇದ್ದಾಗಲೂ ಹೊಳೆ ಏರಬಲ್ಲದು ಎಂಬುದನ್ನು ದಾಖಲೆಯಲ್ಲಿ ತೋರಿಸುವುದು ಆ ಸೊನ್ನೆಯೇ. ಅದನ್ನು ಖಾಲಿ ಬಿಟ್ಟರೆ ಓದುವವರು ‘ಮಾಹಿತಿ ಇಲ್ಲ’ ಎಂದುಕೊಳ್ಳುತ್ತಾರೆ.

ಹಾಗಾಗಿ ಸೊನ್ನೆಯನ್ನು ಪೂರ್ತಿ ಮಾಯ ಮಾಡುವುದಕ್ಕಿಂತ ಅದರ ಜಾಗದಲ್ಲಿ ಗೀಟು ತೋರಿಸುವುದು ಮೇಲು. ಎಕ್ಸೆಲ್‌ನ ಅಕೌಂಟಿಂಗ್ ಫಾರ್ಮ್ಯಾಟ್ ಮಾಡುವುದೂ ಇದನ್ನೇ. ಕಸ್ಟಮ್ ಫಾರ್ಮ್ಯಾಟ್‌ನಲ್ಲಿ 0.0;-0.0;"-";@ ಎಂದು ಬರೆದರೆ ಸಾಕು: ಹಾಳೆ ಹಗುರವಾಗುತ್ತದೆ, ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ, ಖಾಲಿ ಸೆಲ್ ಖಾಲಿಯಾಗಿಯೇ ಕಾಣುತ್ತದೆ. ಮಳೆಯಿರಲಿ, ಹಾಲಿನ ಡೇರಿ ಲೆಕ್ಕವಿರಲಿ, ಹಾಳೆಯನ್ನು ಬೇರೆಯವರಿಗೆ ಕಳಿಸುವ ಮುನ್ನ ಗೀಟು ಎಂದರೇನು, ಖಾಲಿ ಎಂದರೇನು ಎಂದು ಕೆಳಗೊಂದು ಸಾಲು ಬರೆದುಬಿಡಿ.